ಐಎಸ್‌ಒ 9001 ಸರ್ಟಿಫಿಕೇಟ್ ಸರಿಯಾಗಿ ತಗೊಳ್ಳೋದು ಹೇಗೆ: ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಸಣ್ಣ ಯೂನಿಟ್‌ಗಳಿಗೆ ಸಮಗ್ರ ಮಾರ್ಗದರ್ಶಿ

ಹರಿಹರದ ಮಷಿನ್ ಶಾಪ್ ಇರಲಿ, ಕರೂರು ಇಂಡಸ್ಟ್ರಿಯಲ್ ಏರಿಯಾದ ಫ್ಯಾಬ್ರಿಕೇಶನ್ ಶೆಡ್ ಇರಲಿ, ಚಳ್ಳಕೆರೆಯ ಎಣ್ಣೆ ಮಿಲ್ ಇರಲಿ, ಐಎಸ್‌ಒ 9001 (ಕೆಲಸದ ಗುಣಮಟ್ಟ ಕಾಯೋ ಪದ್ಧತಿಯ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್) ವಿಷಯದಲ್ಲಿ ಎಲ್ಲರೂ ಎಡವೋದು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ. ಸರ್ಟಿಫಿಕೇಟ್ ಮೊದಲು ತರ್ತಾರೆ, ಕೆಲಸ ಆಮೇಲೆ ನೋಡೋಣ ಅಂತಾರೆ. ಆಮೇಲೆ ಟೆಂಡರ್‌ಗೆ ಹಾಕಿದಾಗ "ಇದು ಅಕ್ರೆಡಿಟೆಡ್ ಸರ್ಟಿಫಿಕೇಟ್ ಅಲ್ಲ" (ಅಂದ್ರೆ ಕೊಟ್ಟ ಸಂಸ್ಥೆಗೇ ಮಾನ್ಯತೆ ಇಲ್ಲ) ಅಂತ ವಾಪಸ್ ಬರುತ್ತೆ, ಇಲ್ಲಾ ಅಂದ್ರೆ ಒಳ್ಳೆ ಸಂಸ್ಥೆಯ ಆಡಿಟರ್‌ನೇ ಕರೆಸಿ ಮೊದಲ ದಿನಾನೇ ರೆಕಾರ್ಡ್ ಇಲ್ಲ ಅಂತ ಸಿಕ್ಕಾಕ್ಕೊಳ್ತಾರೆ.

ಕ್ರಮ ಸರಿ ಇದ್ರೆ ಇದೇನು ಕಷ್ಟದ ಕೆಲಸ ಅಲ್ಲ. ಮೊದಲು ಕೆಲಸ ಒಂದು ಪದ್ಧತಿಗೆ ಬರಬೇಕು, ಆಮೇಲೆ ಅದರ ರೆಕಾರ್ಡ್ ಬೀಳಬೇಕು, ಆಮೇಲೆ ನಿಮ್ಮನ್ನ ನೀವೇ ಚೆಕ್ ಮಾಡ್ಕೋಬೇಕು, ಹೊರಗಿನ ಆಡಿಟರ್ ಬರೋದು ಕಟ್ಟಕಡೆಗೆ. ಕೆಳಗಿರೋ ಹಂತಗಳನ್ನ ಹಿಂದುಮುಂದು ಮಾಡಬೇಡ್ರಿ.

## ಶುರು ಮಾಡೋಕೆ ಮುಂಚೆ ಏನೇನು ಬೇಕು

ಸ್ಟ್ಯಾಂಡರ್ಡ್‌ನ ಒಂದು ಅಸಲಿ ಪ್ರತಿ ಬೇಕು, ಬಿಐಎಸ್‌ನಲ್ಲಿ (ಭಾರತೀಯ ಮಾನಕ ಬ್ಯೂರೋ) ಐಎಸ್/ಐಎಸ್‌ಒ 9001:2015 ಅಂತ ಸಿಗುತ್ತೆ. ದಿನಾ ಒಂದು ಗಂಟೆ ಇದಕ್ಕೇ ಕೊಡೋ ಒಬ್ಬ ಮನುಷ್ಯ ಬೇಕು, ಅವರು ಶಾಪ್ ಫ್ಲೋರ್ ಗೊತ್ತಿರೋರೇ ಆಗಿರಲಿ, ಬರೀ ಅಕೌಂಟ್ಸ್ ನೋಡೋ ಹುಡುಗನ ತಲೆಗೆ ಕಟ್ಟಬೇಡ್ರಿ. ಒಂದು ಕಂಪ್ಯೂಟರ್, ನಾಲ್ಕಾರು ರಿಜಿಸ್ಟರ್, ಇಷ್ಟೇ. ಸಾಫ್ಟ್‌ವೇರ್ ಕೊಳ್ಳಲೇಬೇಕು ಅಂತ ಯಾವ ನಿಯಮಾನೂ ಇಲ್ಲ.

ಟೈಮ್ ವಿಷಯ: ಹತ್ತು ಹದಿನೈದು ಜನರ ಯೂನಿಟ್‌ಗೆ ನಾಲ್ಕರಿಂದ ಆರು ತಿಂಗಳು ಇಟ್ಕೊಳ್ರಿ. ಮುಂದಿನ ವಾರ ಟೆಂಡರ್ ಕ್ಲೋಸ್ ಆಗುತ್ತೆ ಅಂತ ಇವತ್ತು ಓಡೋರಿಗೆ ಸರಿಯಾದ ದಾರಿ ಇಲ್ಲ, ಆ ಟೆಂಡರ್ ಬಿಟ್ಟು ಮುಂದಿನದಕ್ಕೆ ತಯಾರಾಗ್ರಿ.

## ಹಂತ 1: ಗಿರಾಕಿ ಕೇಳಿರೋದು ಏನು ಅಂತ ಕಾಗದದಲ್ಲಿ ಓದ್ರಿ

"ಐಎಸ್‌ಒ ಮಾಡಿಸಬೇಕಂತೆ" ಅನ್ನೋ ಬಾಯಿಮಾತಿನ ಮೇಲೆ ದುಡ್ಡು ಬಿಚ್ಚಬೇಡ್ರಿ. ಟೆಂಡರ್ ಕಾಗದನೋ ಗಿರಾಕಿ ಕಳಿಸಿದ ಮೇಲ್‌ನೋ ತೆಗೆದು ನಂಬರ್ ಯಾವುದು ಅಂತ ನೋಡ್ರಿ. 9001 ಅಂದ್ರೆ ಕ್ವಾಲಿಟಿ ಮ್ಯಾನೇಜ್ಮೆಂಟ್. 14001 ಪರಿಸರಕ್ಕೆ, 45001 ಕೆಲಸಗಾರರ ಸುರಕ್ಷತೆಗೆ, 22000 ಆಹಾರ ಸುರಕ್ಷತೆಗೆ. ಗಾಡಿ ಕಂಪನಿಗಳಿಗೆ ಪಾರ್ಟ್ ಕೊಡೋರಿಗೆ ಐಎಟಿಎಫ್ 16949 ಕೇಳಬಹುದು. ಟೆಸ್ಟಿಂಗ್ ಲ್ಯಾಬ್ ನಡೆಸ್ತಿದ್ರೆ ನಿಮಗೆ ಬೇಕಾಗಿರೋದು 17025ರ ಪ್ರಕಾರ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಮಂಡಳಿ) ಮಾನ್ಯತೆ, ಅದರ ದಾರೀನೇ ಬೇರೆ.

ಐಎಸ್‌ಒ 9001 ನಿಮ್ಮ ಮಾಲಿಗೆ ಕೊಡೋ ಸರ್ಟಿಫಿಕೇಟ್ ಅಲ್ಲ, ನೀವು ಕೆಲಸ ನಡೆಸೋ ಪದ್ಧತಿಗೆ ಕೊಡೋದು. ಐಎಸ್‌ಐ ಮಾರ್ಕ್ ಮಾಲಿಗೆ ಸಂಬಂಧಪಟ್ಟಿದ್ದು, ಅದನ್ನ ಬಿಐಎಸ್ ಕೊಡುತ್ತೆ. ಮಂಡಕ್ಕಿ ಭಟ್ಟಿಗೋ ಎಣ್ಣೆ ಮಿಲ್‌ಗೋ ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಶನ್ ಅಥವಾ ಲೈಸೆನ್ಸ್ ಕಾನೂನಿನ ಪ್ರಕಾರ ಬೇಕೇಬೇಕು, 9001 ಇದೆ ಅಂತ ಅದನ್ನ ಬಿಡೋಕಾಗಲ್ಲ. ಎಂಎಸ್‌ಎಂಇ ಇಲಾಖೆಯ ಝಡ್‌ಇಡಿ ಅನ್ನೋ ಬ್ರಾಂಜ್, ಸಿಲ್ವರ್, ಗೋಲ್ಡ್ ಸರ್ಟಿಫಿಕೇಟ್ ಕೂಡ ಬೇರೇನೇ, ಉದ್ಯಮ್ ನಂಬರ್ ಇದ್ರೆ ಅದಕ್ಕೂ ಹಾಕ್ರಿ, ಆದ್ರೆ ಟೆಂಡರ್‌ನಲ್ಲಿ 9001 ಅಂತ ಬರೆದಿದ್ರೆ ಅದನ್ನ ಕೊಟ್ಟು ಆಗಲ್ಲ.

ಎಚ್ಚರಿಕೆ: "ಐಎಸ್‌ಒ ಆಫೀಸಿಂದ ಮಾತಾಡ್ತಿದೀವಿ, ನಿಮ್ಮ ಸರ್ಟಿಫಿಕೇಟ್ ರೆಡಿ ಮಾಡ್ತೀವಿ" ಅಂತ ಫೋನ್ ಬಂದ್ರೆ ಅಲ್ಲಿಗೇ ಕಟ್ ಮಾಡ್ರಿ. ಐಎಸ್‌ಒ ಅನ್ನೋ ಸಂಸ್ಥೆ ಜಿನೀವಾದಲ್ಲಿದೆ, ಸ್ಟ್ಯಾಂಡರ್ಡ್ ಬರೆಯೋದಷ್ಟೇ ಅದರ ಕೆಲಸ, ಯಾರಿಗೂ ಸರ್ಟಿಫಿಕೇಟ್ ಕೊಡಲ್ಲ. ಕೊಡೋದು ಸರ್ಟಿಫಿಕೇಶನ್ ಬಾಡಿಗಳು, ಅವುಗಳ ವಿಷಯ ಹಂತ 7ರಲ್ಲಿದೆ.

## ಹಂತ 2: ಸ್ಕೋಪ್ ಒಂದೇ ವಾಕ್ಯದಲ್ಲಿ ಬರೀರಿ

ನೀವು ಏನು ಮಾಡ್ತೀರಿ, ಎಲ್ಲಿ ಮಾಡ್ತೀರಿ ಅನ್ನೋದೇ ಸ್ಕೋಪ್, ಇದೇ ಮಾತು ಸರ್ಟಿಫಿಕೇಟ್ ಮೇಲೆ ಪ್ರಿಂಟ್ ಆಗೋದು. "ಗಿರಾಕಿ ಡ್ರಾಯಿಂಗ್ ಪ್ರಕಾರ ಲೋಹದ ಬಿಡಿಭಾಗಗಳ ಮಷಿನಿಂಗ್ ಮತ್ತು ಸರಬರಾಜು" ಅಂದ್ರೆ ಒಂದು ಜಾಬ್‌ವರ್ಕ್ ಯೂನಿಟ್‌ಗೆ ಸಾಕು. ಮಾಡದೇ ಇರೋ ಕೆಲಸ ಸೇರಿಸಿ ದೊಡ್ಡದಾಗಿ ಬರೆಸಿದ್ರೆ ಆಡಿಟರ್ ಅದನ್ನೂ ತೋರಿಸ್ರಿ ಅಂತಾರೆ.

ಡಿಸೈನ್ ಬಗ್ಗೆ ಇರೋದು ಕ್ಲಾಸ್ (ಅಂದ್ರೆ ಸ್ಟ್ಯಾಂಡರ್ಡ್‌ನ ಕಲಂ) 8.3. ಗಿರಾಕಿ ಡ್ರಾಯಿಂಗ್ ಕೊಟ್ಟು ನೀವು ಅದರಂತೆ ಮಾಡೋದಾದ್ರೆ ಇದು ನಮಗೆ ಅನ್ವಯ ಆಗಲ್ಲ ಅಂತ ಕಾರಣ ಸಮೇತ ಬರೆದು ಬಿಡಬಹುದು. ಆದ್ರೆ ಟ್ರ್ಯಾಕ್ಟರ್ ಟ್ರಾಲಿನೋ ಕೂರಿಗೆನೋ ನಿಮ್ಮದೇ ಅಳತೆ ಹಾಕಿ ಮಾಡಿ ಮಾರೋರು ಅದನ್ನ ಬಿಡೋ ಹಾಗಿಲ್ಲ. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಹೊರಗೆ ಕೊಡ್ತೀವಿ, ಅದಕ್ಕೂ ನಮಗೂ ಸಂಬಂಧ ಇಲ್ಲ ಅನ್ನೋದೂ ನಡೆಯಲ್ಲ, ಹೊರಗೆ ಕೊಟ್ಟ ಕೆಲಸಾನೂ ನಿಮ್ಮ ಜವಾಬ್ದಾರಿನೇ, ಕ್ಲಾಸ್ 8.4 ಇರೋದೇ ಅದಕ್ಕೆ. ಎರಡು ಶೆಡ್ ಇದ್ರೆ ಎರಡೂ ವಿಳಾಸ ಬರೀರಿ.

## ಹಂತ 3: ಸ್ಟ್ಯಾಂಡರ್ಡ್ ಕೈಯಲ್ಲಿ ಹಿಡಿದು ಫ್ಲೋರ್ ಮೇಲೆ ಓಡಾಡ್ರಿ

ಪಾಲಿಸಬೇಕಾದ ಕ್ಲಾಸ್‌ಗಳು 4ರಿಂದ 10ರವರೆಗೆ. 4 ನಿಮ್ಮ ಪರಿಸ್ಥಿತಿ, 5 ಮಾಲೀಕರ ಜವಾಬ್ದಾರಿ, 6 ಪ್ಲಾನಿಂಗ್ ಮತ್ತೆ ರಿಸ್ಕ್, 7 ಜನ ಮತ್ತು ಸಲಕರಣೆ, 8 ನಿಜವಾದ ಉತ್ಪಾದನೆ, 9 ಅಳೆಯೋದು, 10 ತಿದ್ದಿಕೊಳ್ಳೋದು. ನಾನಾದ್ರೆ 8ರಿಂದ ಶುರು ಮಾಡ್ತೀನಿ, ಯಾಕಂದ್ರೆ ಅದು ನಿಮಗೆ ಆಗಲೇ ಗೊತ್ತಿರೋ ಕೆಲಸ.

ಒಂದು ಆರ್ಡರ್ ಹಿಡ್ಕೊಳ್ರಿ. ಪಿಒ (ಪರ್ಚೇಸ್ ಆರ್ಡರ್) ಬಂದಾಗಿಂದ ಡಿಸಿ (ಡೆಲಿವರಿ ಚಲನ್) ಹರಿದು ಮಾಲು ಗಾಡಿಗೆ ಏರೋ ತನಕ ಅದರ ಹಿಂದೇನೇ ಹೋಗ್ರಿ. ಪಿಒ ಯಾರು ಓದಿದ್ರು, ರೇಟು ಡೆಲಿವರಿ ಡೇಟು ನಮ್ಮ ಕೈಲಾಗುತ್ತಾ ಅಂತ ಯಾರು ನೋಡಿದ್ರು, ಮೆಟೀರಿಯಲ್ ಎಲ್ಲಿಂದ ಬಂತು, ಅದರ ಟೆಸ್ಟ್ ಸರ್ಟಿಫಿಕೇಟ್ ಎಲ್ಲಿದೆ, ಮೊದಲ ಪೀಸ್ ಯಾರು ಚೆಕ್ ಮಾಡಿದ್ರು, ಕೊನೆಗೆ ಮಾಲು ಬಿಡ್ರಿ ಅಂತ ಯಾರು ಹೇಳಿದ್ರು. ಪ್ರತಿ ಪ್ರಶ್ನೆಗೂ "ಇದೆ, ರೆಕಾರ್ಡ್ ಇದೆ", "ಮಾಡ್ತೀವಿ, ರೆಕಾರ್ಡ್ ಇಲ್ಲ", "ಮಾಡ್ತಾನೇ ಇಲ್ಲ" ಈ ಮೂರರಲ್ಲಿ ಒಂದು ಬರೀರಿ. ಬಹಳಷ್ಟು ಯೂನಿಟ್‌ಗಳಲ್ಲಿ ನಡುವಿನ ಉತ್ತರಾನೇ ಜಾಸ್ತಿ ಬರುತ್ತೆ, ಅದು ಒಳ್ಳೆ ಸುದ್ದಿ, ಕೆಲಸ ಆಗ್ತಾ ಇದೆ, ಬರೆಯೋ ಅಭ್ಯಾಸ ಒಂದು ಬಂದ್ರೆ ಆಯ್ತು.

2024ರಲ್ಲಿ ಒಂದು ಸಣ್ಣ ತಿದ್ದುಪಡಿ ಬಂದಿದೆ, ಬಹಳ ಜನ ನೋಡಿಲ್ಲ. ಹವಾಮಾನ ಬದಲಾವಣೆ ನಿಮ್ಮ ಕೆಲಸಕ್ಕೆ ಸಂಬಂಧ ಪಡುತ್ತಾ ಅಂತ ಯೋಚನೆ ಮಾಡಿರಬೇಕು, ಕ್ಲಾಸ್ 4.1 ಮತ್ತು 4.2ರಲ್ಲಿದೆ. ಚಳ್ಳಕೆರೆ ಎಣ್ಣೆ ಮಿಲ್‌ನವರು ಮಳೆ ಕೈಕೊಟ್ರೆ ಶೇಂಗಾ ಸಿಗಲ್ಲ ಅಂತ ಎರಡು ಸಾಲು ಬರೆದು, ಅದಕ್ಕೆ ಏನು ಮಾಡ್ತೀವಿ ಅಂತ ಹೇಳಿದ್ರೆ ಅದೇ ಸರಿಯಾದ ಉತ್ತರ.

## ಹಂತ 4: ಬೇಕಾದಷ್ಟೇ ಡಾಕ್ಯುಮೆಂಟ್ ಬರೀರಿ

2015ರ ಆವೃತ್ತಿಯಲ್ಲಿ ಕ್ವಾಲಿಟಿ ಮ್ಯಾನ್ಯುಯಲ್ ಕಡ್ಡಾಯ ಅಲ್ಲ. ಎಂಆರ್ (ಮ್ಯಾನೇಜ್ಮೆಂಟ್ ರೆಪ್ರೆಸೆಂಟೇಟಿವ್) ಅಂತ ಒಬ್ಬರನ್ನ ನೇಮಿಸಲೇಬೇಕು ಅಂತಾನೂ ಇಲ್ಲ. ಆದ್ರೂ ಇನ್ನೂರು ಪುಟದ ಮ್ಯಾನ್ಯುಯಲ್ ಮಾರೋರು ಇದ್ದಾರೆ, ಅದರಲ್ಲಿ ಬೇರೆ ಊರಿನ ಬೇರೆ ಕಂಪನಿ ಹೆಸರು ಹಾಗೇ ಉಳಿದಿರುತ್ತೆ, ಆಡಿಟರ್ ಕಣ್ಣಿಗೆ ಅದು ಮೊದಲ ಹತ್ತು ನಿಮಿಷದಲ್ಲೇ ಬೀಳುತ್ತೆ.

ಬರವಣಿಗೆಯಲ್ಲಿ ಇರಲೇಬೇಕಾದ್ದು ಸ್ಕೋಪ್, ಕ್ವಾಲಿಟಿ ಪಾಲಿಸಿ, ಕ್ವಾಲಿಟಿ ಆಬ್ಜೆಕ್ಟಿವ್. ಅದರ ಮೇಲೆ ನಿಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ವರ್ಕ್ ಇನ್‌ಸ್ಟ್ರಕ್ಷನ್. ಆಪರೇಟರ್‌ಗೆ ಕನ್ನಡ ಓದೋಕೆ ಸಲೀಸು ಅಂದ್ರೆ ಕನ್ನಡದಲ್ಲೇ ಬರೀರಿ, ಇಂಗ್ಲಿಷ್‌ನಲ್ಲೇ ಇರಬೇಕು ಅಂತ ಎಲ್ಲೂ ಇಲ್ಲ. ಮಷಿನ್ ಪಕ್ಕ ಒಂದು ಪುಟದ ಕನ್ನಡ ಹಾಳೆ ಅಂಟಿಸಿದ್ರೆ ಆಪರೇಟರ್ ನೋಡ್ತಾನೆ, ಇಂಗ್ಲಿಷ್ ಫೈಲ್ ಆಫೀಸಲ್ಲಿ ಧೂಳು ಹಿಡಿಯುತ್ತೆ.

ಆಬ್ಜೆಕ್ಟಿವ್ ಬರೆಯೋವಾಗ "ಗಿರಾಕಿಗೆ ಪೂರ್ತಿ ತೃಪ್ತಿ" ಅಂತ ಬರೀಬೇಡ್ರಿ, ಅಳೆಯೋಕಾಗಲ್ಲ. ತಿಂಗಳಿಗೆ ರಿಜೆಕ್ಷನ್ ಎಷ್ಟು ಪರ್ಸೆಂಟ್, ಟೈಮಿಗೆ ಹೋದ ಡೆಲಿವರಿ ಎಷ್ಟು ಪರ್ಸೆಂಟ್, ಈಗ ಎಷ್ಟಿದೆ, ಎಲ್ಲಿಗೆ ತರಬೇಕು, ಯಾರು ನೋಡ್ಕೊಳ್ತಾರೆ, ಯಾವಾಗಿನೊಳಗೆ ಅಂತ ಬರೀರಿ. ಈಗ ಎಷ್ಟಿದೆ ಅನ್ನೋದೇ ಗೊತ್ತಿಲ್ಲ ಅಂದ್ರೆ ಒಂದು ತಿಂಗಳು ಎಣಿಸಿ ಆಮೇಲೆ ಗುರಿ ಹಾಕ್ರಿ.

## ಹಂತ 5: ಮೂರು ತಿಂಗಳು ನಡೆಸ್ರಿ, ರೆಕಾರ್ಡ್ ಬೀಳಲಿ

ಸರ್ಟಿಫಿಕೇಟ್ ಉಳಿಯೋದು, ಹೋಗೋದು ಈ ಹಂತದ ಮೇಲೆ, ಆದ್ರೆ ಎಲ್ಲರೂ ಹಾರಿಸೋದು ಇದನ್ನೇ. ಕನಿಷ್ಠ ಮೂರು ತಿಂಗಳು ಅನ್ನೋದು ನನ್ನ ಲೆಕ್ಕ, ಅದಕ್ಕಿಂತ ಕಡಿಮೆ ಇದ್ರೆ ಆಡಿಟರ್‌ಗೆ ತೋರಿಸೋಕೆ ಏನೂ ಇರಲ್ಲ.

ಅಳತೆ ಸಲಕರಣೆ. ವರ್ನಿಯರ್, ಮೈಕ್ರೋಮೀಟರ್, ತೂಕದ ಯಂತ್ರ, ಪ್ರೆಶರ್ ಗೇಜ್, ಎಲ್ಲದಕ್ಕೂ ಒಂದೊಂದು ನಂಬರ್ ಕೊಟ್ಟು ಪಟ್ಟಿ ಮಾಡ್ರಿ. ಕ್ಯಾಲಿಬ್ರೇಶನ್ (ಸಲಕರಣೆ ಸರಿಯಾಗಿ ಅಳೆಯುತ್ತಾ ಅನ್ನೋ ಪರೀಕ್ಷೆ) ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬ್‌ನಲ್ಲಿ ಮಾಡಿಸ್ರಿ, ಸರ್ಟಿಫಿಕೇಟ್ ಬಂದ್ಮೇಲೆ ಬರೀ ಫೈಲ್‌ಗೆ ಹಾಕದೇ ಎರರ್ ಎಷ್ಟು ತೋರಿಸಿದೆ, ಅದು ನಮ್ಮ ಕೆಲಸದ ಟಾಲರೆನ್ಸ್‌ಗೆ ನಡೆಯುತ್ತಾ ಅಂತ ನೋಡಿ ಸೈನ್ ಹಾಕ್ರಿ. ಡ್ರಾಯರ್ ಮೂಲೆಯಲ್ಲಿ ಬಿದ್ದಿರೋ ಹಳೇ ವರ್ನಿಯರ್ ಇದ್ರೆ ತೆಗೀರಿ, ಇಲ್ಲಾ "ಬಳಸಬಾರದು" ಅಂತ ಚೀಟಿ ಅಂಟಿಸ್ರಿ. ಆಡಿಟರ್ ಆ ಡ್ರಾಯರ್ ಎಳೆದೇ ಎಳೀತಾರೆ.

ಡ್ರಾಯಿಂಗ್ ರಿವಿಷನ್. ಇದು ಜಾಬ್‌ವರ್ಕ್ ಯೂನಿಟ್‌ಗಳ ದೊಡ್ಡ ಕಾಯಿಲೆ. ಗಿರಾಕಿ ಹೊಸ ಡ್ರಾಯಿಂಗ್‌ನ ವಾಟ್ಸಾಪ್‌ನಲ್ಲಿ ಕಳಿಸಿರ್ತಾರೆ, ಮಷಿನ್ ಹತ್ರ ಹಳೇ ಪ್ರಿಂಟ್ ಎಣ್ಣೆ ಕುಡಿದು ನೇತಾಡ್ತಿರುತ್ತೆ, ಆಪರೇಟರ್ ಅದನ್ನೇ ನೋಡಿ ಮಾಡ್ತಾನೆ. ಹೊಸದು ಬಂದ ದಿನಾನೇ ರಿಜಿಸ್ಟರ್‌ನಲ್ಲಿ ರಿವಿಷನ್ ನಂಬರ್ ಬರೆದು, ಹೊಸ ಪ್ರಿಂಟ್ ಕೊಟ್ಟು, ಹಳೇದನ್ನ ವಾಪಸ್ ತಗೊಂಡು ಹರೀರಿ. ವಾಟ್ಸಾಪ್‌ನಲ್ಲಿ ಬಂದಿದ್ದು ತಪ್ಪಲ್ಲ, ಅದು ಯಾರ ಫೋನ್‌ನಲ್ಲೋ ಕೂತಿರೋದು ತಪ್ಪು.

ರಿಜೆಕ್ಟ್ ಮಾಲು. ಕೆಂಪು ಬಣ್ಣ ಬಳಿದ ಒಂದು ಡಬ್ಬ, ಬೀಗ ಹಾಕೋ ಹಾಗಿದ್ರೆ ಇನ್ನೂ ಒಳ್ಳೇದು. ಕೆಟ್ಟ ಪೀಸ್ ಅಲ್ಲಿಗೇ ಹೋಗಬೇಕು, ಎಷ್ಟು ಪೀಸ್, ಏನು ದೋಷ, ಏನು ಮಾಡಿದ್ರಿ, ರೀವರ್ಕ್ ಮಾಡಿದ್ರಾ, ಗುಜರಿಗೆ ಹಾಕಿದ್ರಾ, ಗಿರಾಕಿ ಒಪ್ಪಿಗೆ ತಗೊಂಡು ಕಳಿಸಿದ್ರಾ, ಯಾರು ತೀರ್ಮಾನ ಮಾಡಿದ್ರು, ಇಷ್ಟೂ ಬರೀಬೇಕು. ರೀವರ್ಕ್ ಮಾಡಿದ ಮೇಲೆ ಮತ್ತೆ ಅಳೆದು ನೋಡ್ರಿ. ಮೂರು ತಿಂಗಳಲ್ಲಿ ರಿಜೆಕ್ಷನ್ ಸೊನ್ನೆ ಅಂತ ತೋರಿಸಿದ್ರೆ ಯಾವ ಆಡಿಟರೂ ನಂಬಲ್ಲ, ಅವರು ನೇರ ಗುಜರಿ ಮಾರಿದ ಬಿಲ್ ಕೇಳ್ತಾರೆ.

ಸಪ್ಲೈಯರ್. ಮೆಟೀರಿಯಲ್ ಕೊಡೋರು, ಪ್ಲೇಟಿಂಗ್ ಮಾಡೋರು, ಟ್ರಾನ್ಸ್‌ಪೋರ್ಟ್‌ನೋರು, ಕ್ಯಾಲಿಬ್ರೇಶನ್ ಲ್ಯಾಬ್, ಎಲ್ಲರ ಪಟ್ಟಿ. ಯಾಕೆ ಅವರನ್ನ ಆರಿಸಿದ್ರಿ, ಹೇಗೆ ನಡೀತಿದ್ದಾರೆ ಅಂತ ವರ್ಷಕ್ಕೊಮ್ಮೆ ಆದ್ರೂ ಬರೆದಿಡ್ರಿ. "ನಮ್ಮ ಮಾವನ ಅಂಗಡಿ" ಅನ್ನೋದು ಕಾರಣ ಆಗಲ್ಲ, "ಟೆಸ್ಟ್ ಸರ್ಟಿಫಿಕೇಟ್ ಸಮೇತ ಕೊಡ್ತಾರೆ, ಈ ವರ್ಷ ಒಂದು ಲಾಟ್ ಮಾತ್ರ ವಾಪಸ್ ಹೋಗಿದೆ" ಅನ್ನೋದು ಆಗುತ್ತೆ.

ಜನ. ಯಾರಿಗೆ ಯಾವ ಮಷಿನ್ ಬರುತ್ತೆ ಅಂತ ಒಂದು ಚಾರ್ಟ್, ಕಲಿಸಿದ್ದು ಯಾರು, ಕಲಿತಿದ್ದು ಹೌದಾ ಅಂತ ನೋಡಿದ್ದು ಯಾರು. ಐಟಿಐ ಸರ್ಟಿಫಿಕೇಟ್ ಇಲ್ಲದ, ಇಪ್ಪತ್ತು ವರ್ಷ ಲೇತ್ ಮೇಲೆ ಕೈ ಪಳಗಿಸಿದ ಮೇಸ್ತ್ರಿ ಇದ್ದಾರೆ ಅಂತ ಭಯ ಬೀಳಬೇಡ್ರಿ. ಅನುಭವನೂ ಯೋಗ್ಯತೆಯೇ, ಅದನ್ನ ಒಂದು ಹಾಳೆಯಲ್ಲಿ ಬರೆದು ಇಟ್ರೆ ಸಾಕು.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಆಡಿಟ್ ಹಿಂದಿನ ರಾತ್ರಿ ಕೂತು ಮೂರು ತಿಂಗಳ ರಿಜಿಸ್ಟರ್ ತುಂಬಿಸಬೇಡ್ರಿ. ಒಂದೇ ಪೆನ್ನು, ಒಂದೇ ಅಕ್ಷರ, ಭಾನುವಾರಾನೂ ಎಂಟ್ರಿ, ಹಬ್ಬಕ್ಕೆ ರಜೆ ಹಾಕಿದ ಆಪರೇಟರ್‌ನ ಸೈನ್ ಅವತ್ತೂ ಇರುತ್ತೆ. ಅದು ಸುಳ್ಳು ದಾಖಲೆ, ಆಡಿಟರ್‌ಗೆ ಗೊತ್ತಾದ್ರೆ ಉಳಿದ ಒಳ್ಳೆ ರೆಕಾರ್ಡ್ ಮೇಲೂ ನಂಬಿಕೆ ಹೋಗುತ್ತೆ. ಒಂದು ದಿನ ಬರೆಯೋದು ತಪ್ಪಿದ್ರೆ ತಪ್ಪಿದೆ ಅಂತಾನೇ ಬಿಡ್ರಿ.

## ಹಂತ 6: ಇಂಟರ್ನಲ್ ಆಡಿಟ್, ಆಮೇಲೆ ಮ್ಯಾನೇಜ್ಮೆಂಟ್ ರಿವ್ಯೂ

ಇದೇ ಕ್ರಮದಲ್ಲಿ ಮಾಡ್ರಿ, ಯಾಕಂದ್ರೆ ಆಡಿಟ್‌ನಲ್ಲಿ ಸಿಕ್ಕಿದ್ದನ್ನ ರಿವ್ಯೂ ಮೀಟಿಂಗ್‌ನಲ್ಲಿ ಇಡಬೇಕು. ಇಂಟರ್ನಲ್ ಆಡಿಟ್ ಮಾಡೋರು ತಮ್ಮ ಕೆಲಸ ತಾವೇ ಆಡಿಟ್ ಮಾಡಬಾರದು, ಸ್ಟೋರ್ಸ್‌ನೋರು ಪ್ರೊಡಕ್ಷನ್ ನೋಡಲಿ, ಪ್ರೊಡಕ್ಷನ್‌ನೋರು ಸ್ಟೋರ್ಸ್ ನೋಡಲಿ. ನಾಲ್ಕೇ ಜನ ಇದ್ರೆ ಹೊರಗಿಂದ ಗೊತ್ತಿರೋರನ್ನ ಕರೆಸ್ರಿ, ಆದ್ರೆ ಸರ್ಟಿಫಿಕೇಟ್ ಕೊಡೋ ಸಂಸ್ಥೆಯೋರನ್ನಲ್ಲ.

ಎಲ್ಲಾ ಕ್ಲಾಸ್‌ಗೂ "ಓಕೆ" ಅಂತ ಟಿಕ್ ಹಾಕಿದ ಆಡಿಟ್ ರಿಪೋರ್ಟ್ ಅಂದ್ರೆ ಆಡಿಟ್ ಆಗಿಲ್ಲ ಅಂತಾನೇ ಅರ್ಥ. ಯಾವ ಪಿಒ ನೋಡಿದ್ರಿ, ಯಾವ ಇನ್‌ಸ್ಪೆಕ್ಷನ್ ಶೀಟ್ ನೋಡಿದ್ರಿ, ನಂಬರ್ ಸಮೇತ ಬರೀರಿ.

ಮ್ಯಾನೇಜ್ಮೆಂಟ್ ರಿವ್ಯೂಗೆ ಮಾಲೀಕರು ಕೂರಲೇಬೇಕು. ಮಗನ್ನ ಕೂರಿಸಿ ಸೈನ್ ಮಾತ್ರ ನಾನು ಹಾಕ್ತೀನಿ ಅಂದ್ರೆ ಆಡಿಟರ್ ಮಾಲೀಕರನ್ನ ನಾಲ್ಕು ಪ್ರಶ್ನೆ ಕೇಳಿದ ಕೂಡ್ಲೇ ಬಯಲಾಗುತ್ತೆ. ಕಂಪ್ಲೇಂಟ್, ರಿಜೆಕ್ಷನ್, ಆಬ್ಜೆಕ್ಟಿವ್ ಎಲ್ಲಿಗೆ ಬಂತು, ಸಪ್ಲೈಯರ್ ಹೇಗಿದ್ದಾರೆ, ಏನು ಖರ್ಚು ಬೇಕು, ಏನು ತೀರ್ಮಾನ ಆಯ್ತು, ಮಿನಿಟ್ಸ್‌ನಲ್ಲಿ ಬರಲಿ.

## ಹಂತ 7: ಸರ್ಟಿಫಿಕೇಶನ್ ಬಾಡಿ ಆರಿಸೋದು

ಮಾತುಕತೆ ಹಂತ 5ರ ಹೊತ್ತಿಗೇ ಶುರು ಮಾಡ್ರಿ, ಡೇಟ್ ಸಿಗೋದು ತಡ ಆಗಬಹುದು. ದುಡ್ಡು ಕಟ್ಟೋಕೆ ಮುಂಚೆ ಅಕ್ರೆಡಿಟೇಶನ್ ಚೆಕ್ ಮಾಡ್ರಿ. ನಮ್ಮ ದೇಶದಲ್ಲಿ ಸರ್ಟಿಫಿಕೇಶನ್ ಬಾಡಿಗಳಿಗೆ ಮಾನ್ಯತೆ ಕೊಡೋದು ಎನ್‌ಎಬಿಸಿಬಿ, ಅದು ಕ್ವಾಲಿಟಿ ಕೌನ್ಸಿಲ್ ಆಫ್ ಇಂಡಿಯಾದ ಒಂದು ಬೋರ್ಡ್. ಅವರ ಸೈಟ್‌ನಲ್ಲಿ ಪಟ್ಟಿ ಇದೆ. ಹೊರದೇಶದ ಅಕ್ರೆಡಿಟೇಶನ್ ಆದ್ರೂ ನಡೆಯುತ್ತೆ, ಆದ್ರೆ ಆ ಬೋರ್ಡ್ ಐಎಎಫ್ (ದೇಶದೇಶಗಳ ಅಕ್ರೆಡಿಟೇಶನ್ ಬೋರ್ಡ್‌ಗಳ ಒಕ್ಕೂಟ) ಶುರು ಮಾಡಿದ ಪರಸ್ಪರ ಮಾನ್ಯತೆ ಒಪ್ಪಂದದೊಳಗೆ ಇರಬೇಕು. "ಇಂಟರ್ನ್ಯಾಷನಲ್ ಅಕ್ರೆಡಿಟೇಶನ್" ಅಂತ ಚಿನ್ನದ ಬಣ್ಣದ ಮುದ್ರೆ ಹಾಕಿದ ತಕ್ಷಣ ಅದು ನಿಜ ಆಗಲ್ಲ. ನಿಮ್ಮ ಟೆಂಡರ್‌ನಲ್ಲಿ ಎನ್‌ಎಬಿಸಿಬಿನೇ ಬೇಕು ಅಂತ ಬರೆದಿದ್ರೆ ಅದನ್ನೇ ತಗೊಳ್ರಿ.

ಸಂಸ್ಥೆ ಪಟ್ಟಿಯಲ್ಲಿದ್ರೆ ಸಾಲದು, ನಿಮ್ಮ ಕಸುಬಿನ ಕೋಡ್‌ಗೂ ಮಾನ್ಯತೆ ಇರಬೇಕು. ಐಎಎಫ್ ಕೋಡ್ 3 ಆಹಾರ ಪದಾರ್ಥ, 4 ಜವಳಿ, 17 ಲೋಹ ಮತ್ತು ಲೋಹದ ಸಾಮಾನು, 18 ಯಂತ್ರೋಪಕರಣ. ಕೋಟೇಶನ್ ಕೇಳೋವಾಗ ಈ ಕೋಡ್ ಕೇಳ್ರಿ, ಉತ್ತರ ತಡವರಿಸಿದ್ರೆ ಬೇರೆಯವರನ್ನ ನೋಡ್ರಿ.

ಆಡಿಟ್ ದಿನಗಳ ಲೆಕ್ಕಕ್ಕೂ ನಿಯಮ ಇದೆ, ಐಎಎಫ್ ಎಂಡಿ 5 ಅಂತ. ಸ್ಟೇಜ್ 1, ಸ್ಟೇಜ್ 2 (ಹೊರಗಿನ ಆಡಿಟ್‌ನ ಎರಡು ಭಾಗ, ಹಂತ 8ರಲ್ಲಿದೆ) ಎರಡೂ ಸೇರಿ 1ರಿಂದ 5 ಜನಕ್ಕೆ ಒಂದೂವರೆ ದಿನ, 6ರಿಂದ 10ಕ್ಕೆ 2 ದಿನ, 11ರಿಂದ 15ಕ್ಕೆ ಎರಡೂವರೆ, 16ರಿಂದ 25ಕ್ಕೆ 3, 26ರಿಂದ 45ಕ್ಕೆ 4. ಸರಳ ಕೆಲಸ ಅಂತ ಕಾರಣ ಕೊಟ್ಟು ಶೇಕಡ 30ರವರೆಗೆ ಇಳಿಸಬಹುದು, ಅದಕ್ಕಿಂತ ಹೆಚ್ಚಿಲ್ಲ. ಇಪ್ಪತ್ತು ಜನ ಇರೋ ನಿಮಗೆ "ಅರ್ಧ ದಿನ ಸಾಕು" ಅಂದ್ರೆ ಅಲ್ಲೇ ಗೊತ್ತಾಗಬೇಕು. ನೀವೂ ಅಷ್ಟೇ, ಜನ ಕಡಿಮೆ ತೋರಿಸಬೇಡ್ರಿ, ಕಾಂಟ್ರಾಕ್ಟ್ ಹುಡುಗರೂ ಲೆಕ್ಕಕ್ಕೆ ಬರ್ತಾರೆ.

ಕೆಳಗಿನದು ಯಾವುದಾದ್ರೂ ಕಂಡ್ರೆ ಹಿಂದೆ ಸರೀರಿ:

- ಮೂರು ದಿನದಲ್ಲಿ, ಒಂದು ವಾರದಲ್ಲಿ ಸರ್ಟಿಫಿಕೇಟ್ ಕೊಡ್ತೀವಿ ಅನ್ನೋದು
- ಯೂನಿಟ್‌ನ ಕಣ್ಣೆತ್ತಿ ನೋಡದೇ ಜಿಎಸ್‌ಟಿ ಸರ್ಟಿಫಿಕೇಟ್, ಲೆಟರ್‌ಹೆಡ್ ಕಳಿಸ್ರಿ ಸಾಕು ಅನ್ನೋದು
- ಕನ್ಸಲ್ಟೆನ್ಸಿನೂ ನಾವೇ, ಸರ್ಟಿಫಿಕೇಟೂ ನಾವೇ ಅನ್ನೋದು. 17021-1 ಸ್ಟ್ಯಾಂಡರ್ಡ್ ಪ್ರಕಾರ ಸರ್ಟಿಫಿಕೇಶನ್ ಬಾಡಿ ಕನ್ಸಲ್ಟೆನ್ಸಿ ಮಾಡೋ ಹಾಗೇ ಇಲ್ಲ
- ಪಾಸ್ ಗ್ಯಾರಂಟಿ

ಕನ್ಸಲ್ಟೆಂಟ್ ಇಟ್ಕೊಳ್ಳೋದು ತಪ್ಪಲ್ಲ, ಕಡ್ಡಾಯಾನೂ ಅಲ್ಲ. ಇಟ್ಕೊಂಡ್ರೆ ನಿಮ್ಮ ಶೆಡ್‌ಗೆ ಬಂದು ನಿಲ್ಲೋರನ್ನ ಇಟ್ಕೊಳ್ರಿ. ಕೋಟೇಶನ್ ಮೂರು ವರ್ಷದ್ದು ಒಟ್ಟಿಗೆ ಕೇಳ್ರಿ, ಅರ್ಜಿ ಫೀ, ಆಡಿಟ್ ಫೀ, ಆಡಿಟರ್ ಓಡಾಟ ಮತ್ತು ವಸತಿ, ವರ್ಷದ ಸರ್ವೆಲೆನ್ಸ್ (ಸರ್ಟಿಫಿಕೇಟ್ ಬಂದ್ಮೇಲೆ ವರ್ಷಕ್ಕೊಮ್ಮೆ ಆಗೋ ಆಡಿಟ್), ಜಿಎಸ್‌ಟಿ ಎಲ್ಲಾ ಬಿಡಿಸಿ ಬರಲಿ. ಮೊದಲ ವರ್ಷ ಅಗ್ಗ ತೋರಿಸಿ ಎರಡನೇ ವರ್ಷ ಏರಿಸೋರಿದ್ದಾರೆ. ಸಬ್ಸಿಡಿ ಏನಾದ್ರೂ ಇದೆಯಾ ಅಂತ ಖರ್ಚು ಮಾಡೋಕೆ ಮುಂಚೇನೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳ್ರಿ, ಬಿಲ್ಲು, ಬ್ಯಾಂಕ್ ಪೇಮೆಂಟ್ ಎಲ್ಲಾ ಜೋಪಾನ ಮಾಡ್ರಿ.

## ಹಂತ 8: ಸ್ಟೇಜ್ 1 ಮತ್ತು ಸ್ಟೇಜ್ 2

ಸ್ಟೇಜ್ 1ರಲ್ಲಿ ನೀವು ತಯಾರಿದ್ದೀರಾ ಅಂತ ನೋಡ್ತಾರೆ: ಸ್ಕೋಪ್, ಡಾಕ್ಯುಮೆಂಟ್, ಇಂಟರ್ನಲ್ ಆಡಿಟ್, ಮ್ಯಾನೇಜ್ಮೆಂಟ್ ರಿವ್ಯೂ. ಹಂತ 6 ಹಾರಿಸಿದೋರು ಇಲ್ಲೇ ನಿಲ್ತಾರೆ. ಇಲ್ಲಿ ಹೇಳಿದ ಕೊರತೆ ತುಂಬೋಕೆ ಟೈಮ್ ತಗೊಳ್ರಿ, ಎರಡೂ ಸ್ಟೇಜ್ ಬೆನ್ನುಬೆನ್ನಿಗೆ ಇಡಿಸಬೇಡ್ರಿ.

ಸ್ಟೇಜ್ 2 ಫ್ಲೋರ್ ಮೇಲೆ. ಆಡಿಟರ್ ನೇರ ಆಪರೇಟರ್‌ನ ಕೇಳ್ತಾರೆ, ಹಾಗಾಗಿ ಹುಡುಗರಿಗೆ ಪಾಲಿಸಿ ಬಾಯಿಪಾಠ ಮಾಡಿಸೋದು ಬಿಟ್ಟು "ನಿನ್ನ ಕೆಲಸ ಏನು, ಕೆಟ್ಟ ಪೀಸ್ ಬಂದ್ರೆ ಏನು ಮಾಡ್ತೀಯ, ಅಳತೆ ಎಲ್ಲಿ ಬರೀತೀಯ" ಈ ಮೂರು ಗೊತ್ತಿರೋ ಹಾಗೆ ನೋಡ್ಕೊಳ್ರಿ. ಅವರು ಕನ್ನಡದಲ್ಲೇ ಉತ್ತರ ಹೇಳಲಿ, ಆಡಿಟರ್‌ಗೆ ಕನ್ನಡ ಬರದಿದ್ರೆ ಪಕ್ಕದಲ್ಲಿರೋರು ಹೇಳಿದ್ದನ್ನ ಹಾಗೇ ತಿಳಿಸಲಿ, ಸೇರಿಸಿ ಬಿಡಿಸಿ ಹೇಳಬಾರದು. ಅವತ್ತು ಮಷಿನ್ ನಡೀತಿರಬೇಕು. ರಜಾ ದಿನ ಆಡಿಟ್ ಇಡಿಸಿದ್ರೆ ನೋಡೋಕೆ ಏನೂ ಇರಲ್ಲ.

## ಹಂತ 9: ಎನ್‌ಸಿ ಬಂದ್ರೆ ಗಾಬರಿ ಬೇಡ, ಉತ್ತರ ಸರಿಯಾಗಿ ಬರೀರಿ

ಎನ್‌ಸಿ ಅಂದ್ರೆ ನಾನ್‌ಕನ್ಫಾರ್ಮಿಟಿ. ಮೈನರ್ ಬಂದ್ರೆ ಏನು ಮಾಡ್ತೀವಿ ಅನ್ನೋ ಪ್ಲಾನ್ ಅವರು ಒಪ್ಪಬೇಕು, ಮೇಜರ್ ಬಂದ್ರೆ ಸರಿ ಮಾಡಿ ತೋರಿಸಿದ ಮೇಲೇ ಸರ್ಟಿಫಿಕೇಟ್. ಮೇಜರ್ ಸರಿಯಾಗಿದೆ ಅಂತ ಸ್ಟೇಜ್ 2ರ ಕೊನೇ ದಿನದಿಂದ 6 ತಿಂಗಳೊಳಗೆ ಅವರು ಖಾತ್ರಿ ಮಾಡ್ಕೋಬೇಕು, ಆಗಲಿಲ್ಲ ಅಂದ್ರೆ ಸ್ಟೇಜ್ 2 ಮತ್ತೆ ಮಾಡಿಸಬೇಕು, ಫೀ ಮತ್ತೆ.

ಜಾಸ್ತಿ ಜನ ಎಡವೋದು ಕಾರಣ ಬರೆಯೋದ್ರಲ್ಲಿ. ಮೈಕ್ರೋಮೀಟರ್ ಕ್ಯಾಲಿಬ್ರೇಶನ್ ಡೇಟ್ ಮುಗಿದಿದೆ ಅಂತ ಎನ್‌ಸಿ ಬಂತು ಅಂದ್ಕೊಳ್ರಿ. "ಮರೆತುಹೋಗಿತ್ತು, ಈಗ ಮಾಡಿಸಿದೀವಿ, ಸಿಬ್ಬಂದಿಗೆ ತಿಳುವಳಿಕೆ ಹೇಳಿದೀವಿ" ಅಂದ್ರೆ ವಾಪಸ್ ಬರುತ್ತೆ. ಕ್ಯಾಲಿಬ್ರೇಶನ್ ಮಾಡಿಸಿದ್ದು ತತ್ಕಾಲದ ರಿಪೇರಿ. ಯಾಕೆ ಮರೆತ್ರು? ಹೊಸದಾಗಿ ಕೊಂಡ ಮೈಕ್ರೋಮೀಟರ್ ಪಟ್ಟಿಗೇ ಸೇರಿರಲಿಲ್ಲ. ಯಾಕೆ ಸೇರಲಿಲ್ಲ? ಹೊಸ ಸಲಕರಣೆ ಬಂದ್ರೆ ಪಟ್ಟಿಗೆ ಹಾಕೋದು ಯಾರ ಕೆಲಸ ಅಂತ ಇರಲಿಲ್ಲ. ಹಾಗಾದ್ರೆ ಉತ್ತರ: ಇನ್ನು ಮುಂದೆ ಸ್ಟೋರ್ಸ್‌ನಲ್ಲಿ ನಂಬರ್ ಹಾಕಿ ಪಟ್ಟಿಗೆ ಸೇರಿಸದೇ ಫ್ಲೋರ್‌ಗೆ ಕೊಡೋ ಹಾಗಿಲ್ಲ. ಜೊತೆಗೆ ಆ ಡೇಟ್ ಮುಗಿದ ಮೇಲೆ ಆ ಮೈಕ್ರೋಮೀಟರ್‌ನಲ್ಲಿ ಅಳೆದು ಕಳಿಸಿದ ಮಾಲು ಸರಿ ಇತ್ತಾ ಅಂತಾನೂ ನೋಡಬೇಕು, ಇದನ್ನ ಬಹಳ ಜನ ಬಿಟ್ಟುಬಿಡ್ತಾರೆ.

## ಹಂತ 10: ಸರ್ಟಿಫಿಕೇಟ್ ಬಂದ ಮೇಲೆ

ಕೈಗೆ ಬಂದ ತಕ್ಷಣ ಹೆಸರು, ವಿಳಾಸ, ಸ್ಕೋಪ್, ಡೇಟ್, ಅಕ್ರೆಡಿಟೇಶನ್ ಗುರುತು ಎಲ್ಲಾ ಓದ್ರಿ. ಜಿಎಸ್‌ಟಿಯಲ್ಲಿ ಒಂದು ಹೆಸರು, ಸರ್ಟಿಫಿಕೇಟ್‌ನಲ್ಲಿ ಇನ್ನೊಂದು ಸ್ಪೆಲ್ಲಿಂಗ್ ಇದ್ರೆ ಟೆಂಡರ್‌ನಲ್ಲಿ ತಕರಾರು ಬರುತ್ತೆ. ಐಎಎಫ್ ಸರ್ಟ್‌ಸರ್ಚ್ ಸೈಟ್‌ನಲ್ಲಿ ನಿಮ್ಮ ಹೆಸರು ಹಾಕಿ ನೋಡ್ರಿ, ಕಾಣ್ಲಿಲ್ಲ ಅಂದ್ರೆ ಸಂಸ್ಥೆಯನ್ನ ಕೇಳ್ರಿ.

ಬೋರ್ಡ್‌ನಲ್ಲಿ, ಲೆಟರ್‌ಹೆಡ್‌ನಲ್ಲಿ "ಐಎಸ್‌ಒ 9001:2015 ಸರ್ಟಿಫೈಡ್" ಅಂತ ವರ್ಷ ಸಮೇತ ಬರೀರಿ. ಐಎಸ್‌ಒ ಸಂಸ್ಥೆಯ ಲೋಗೋ ಬಳಸೋ ಹಾಗಿಲ್ಲ, ಸರ್ಟಿಫಿಕೇಶನ್ ಬಾಡಿಯ ಗುರುತನ್ನ ಎಣ್ಣೆ ಪ್ಯಾಕೆಟ್ ಮೇಲೋ ಪೀಸ್ ಮೇಲೋ ಹಾಕೋ ಹಾಗಿಲ್ಲ, ಮಾಲಿಗೇ ಸರ್ಟಿಫಿಕೇಟ್ ಸಿಕ್ಕಿದೆ ಅನ್ನೋ ಅರ್ಥ ಬರುತ್ತೆ ಅಂತ.

ಸರ್ಟಿಫಿಕೇಟ್ ಅವಧಿ 3 ವರ್ಷ, ಆದ್ರೆ ವರ್ಷಕ್ಕೊಂದು ಸರ್ವೆಲೆನ್ಸ್ ಆಡಿಟ್ ಇದೆ. ಮೊದಲನೇದು ಸರ್ಟಿಫಿಕೇಟ್ ತೀರ್ಮಾನ ಆದ ದಿನದಿಂದ 12 ತಿಂಗಳೊಳಗೆ ಆಗಲೇಬೇಕು, ತಪ್ಪಿದ್ರೆ ಸಸ್ಪೆಂಡ್, ಆಮೇಲೂ ಸರಿ ಮಾಡದಿದ್ರೆ ರದ್ದು. ಹತ್ತನೇ ತಿಂಗಳಿಗೆ ಫೋನ್‌ನಲ್ಲಿ ರಿಮೈಂಡರ್ ಇಡ್ರಿ, ಅಷ್ಟರೊಳಗೆ ಆ ವರ್ಷದ ಇಂಟರ್ನಲ್ ಆಡಿಟ್, ರಿವ್ಯೂ ಮುಗಿಸ್ರಿ. ಮೂರನೇ ವರ್ಷ ಅವಧಿ ಮುಗಿಯೋಕೆ ಮೂರು ತಿಂಗಳಿದ್ದಾಗಲೇ ರೀಸರ್ಟಿಫಿಕೇಶನ್ ಆಡಿಟ್ ಡೇಟ್ ಹಾಕಿಸ್ರಿ.

ಹೊಸ ಆವೃತ್ತಿ ಬಂದಾಗ "ನಿಮ್ಮದು ನಾಳೆಯಿಂದ ನಡೆಯಲ್ಲ" ಅಂತ ಹೆದರಿಸೋ ಫೋನ್ ಬರ್ತವೆ. 2015ರಲ್ಲಿ ಬದಲಾದಾಗ ಹೊಸದಕ್ಕೆ ಹೋಗೋಕೆ 3 ವರ್ಷ ಟೈಮ್ ಕೊಟ್ಟಿದ್ರು. ಯಾರ ಮಾತು ಕೇಳಿಯೂ ಅವಸರ ಬೀಳದೇ ನಿಮ್ಮ ಸರ್ಟಿಫಿಕೇಶನ್ ಬಾಡಿಯಿಂದ ಲಿಖಿತವಾಗಿ ಡೇಟ್ ತರಿಸ್ಕೊಳ್ರಿ. ಲೋಕಿಕೆರೆ ರೋಡ್‌ನಿಂದ ಕರೂರಿಗೆ ಶೆಡ್ ಶಿಫ್ಟ್ ಆಯ್ತು, ಪಾರ್ಟ್‌ನರ್ ಬದಲಾದ್ರು, ಪೇಂಟಿಂಗ್ ಹೊಸದಾಗಿ ಶುರು ಮಾಡಿದ್ರಿ ಅಂದ್ರೆ ಮುಂದಿನ ಆಡಿಟ್‌ವರೆಗೆ ಕಾಯಬೇಡ್ರಿ, ಅವರಿಗೆ ಮೇಲ್ ಹಾಕಿ ತಿಳಿಸ್ರಿ, ವಿಳಾಸ ಅಥವಾ ಸ್ಕೋಪ್ ಬದಲಾಯಿಸೋಕೆ ಬೇರೆ ಆಡಿಟ್ ಬೇಕಾ ಅನ್ನೋದನ್ನ ಅವರೇ ಹೇಳ್ತಾರೆ.